ಕಾಳು ಆರಿಸುವ ಯಂತ್ರದ ಕಣ್ಣು: ಕೊಳ್ಳುವ ಮುನ್ನ ಕೇಳಬೇಕಾದ ಮಾತು

ಕಾಫಿ ಬೀಜವನ್ನೂ ಅಡಿಕೆಯನ್ನೂ ಬಣ್ಣ ನೋಡಿ ಬೇರ್ಪಡಿಸುವ ಯಂತ್ರವೊಂದನ್ನು ಸಂಘದ ವತಿಯಿಂದ ಏಕೆ ಕೊಳ್ಳಬಾರದು ಎಂದು ಸದಸ್ಯ ಬಾಂಧವರು ಈಚೆಗೆ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕೊಯ್ಲಿನ ಕಾಲಕ್ಕೆ ಆಳು ಸಿಗುವುದು ಕಷ್ಟ. ಕುಳಿತು ಒಂದೊಂದೇ ಕಾಳು ನೋಡಿ ಆರಿಸುವವರು ಸಿಗುವುದು ಇನ್ನೂ ಕಷ್ಟ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಶೇಕಡಾ 98ಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿನೊಳಗಿನ ಸಣ್ಣ ಹಿಡುವಳಿದಾರರು. ಇವರಲ್ಲಿ ಬಹುಪಾಲು ಜನ ಆರಿಸದ ಮಾಲನ್ನೇ ಮಾರುತ್ತಾರೆ. ಕೊಳ್ಳುವವನು ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ, ಕಪ್ಪು ಎಷ್ಟು, ಹುಳುಕು ಎಷ್ಟು ಎಂದು ಕಣ್ಣಂದಾಜಿನಲ್ಲೇ ದರ ಕಡಿಯುತ್ತಾನೆ. ದರ್ಜೆ ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಲಾಭವೂ ಅವರ ಕೈಯಲ್ಲೇ. ಆದ್ದರಿಂದ ಯಂತ್ರ ಬೇಕೆಂಬ ಮಾತಿಗೆ ನಮ್ಮ ವಿರೋಧವಿಲ್ಲ. ಆದರೆ ಕೊಳ್ಳುವ ಮುನ್ನ ಕೇಳಬೇಕಾದ ಮಾತೊಂದಿದೆ. ಅದನ್ನು ಕೇಳದೆ ಹಣ ಕೊಟ್ಟವರ ಪಾಡನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಒಂದು ಕ್ಯೂರಿಂಗ್ ಕೇಂದ್ರಕ್ಕೆ ನಾವು ಹೋದಾಗ ಅಲ್ಲಿನ ಬಣ್ಣ ಬೇರ್ಪಡಿಸುವ ಯಂತ್ರದ ಮೇಲೆ ಗೋಣಿತಾಟು ಹೊದಿಸಿತ್ತು. ಮೋಟಾರು ಸರಿಯಿತ್ತು, ಕಂಪ್ರೆಸರ್ ಸರಿಯಿತ್ತು, ದೀಪಗಳು ಉರಿಯುತ್ತಿದ್ದವು. ಕೆಟ್ಟದ್ದು ಕ್ಯಾಮೆರಾ ಒಂದೇ. ಆದರೆ ಆ ಮಾದರಿಯ ಕ್ಯಾಮೆರಾವನ್ನು ಮಾಡುವುದನ್ನೇ ತಯಾರಕರು ನಿಲ್ಲಿಸಿದ್ದರು. ಹೊಸ ಮಾದರಿ ಹಳೆಯ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಪತ್ರ ವ್ಯವಹಾರದಲ್ಲೇ ಹಂಗಾಮು ಮುಗಿಯಿತು. ಕೊನೆಗೆ ಆ ಕ್ಯಾಮೆರಾವನ್ನು ಬಿಚ್ಚಿ ಬೆಂಗಳೂರಿನ ಪೀಣ್ಯಕ್ಕೆ ಒಯ್ದರು. ನಾವೂ ಜೊತೆಗೆ ಹೋದೆವು. ಅಲ್ಲಿನ ಒಂದು ಸಣ್ಣ ವರ್ಕ್‌ಶಾಪಿನ ತಂತ್ರಜ್ಞರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು: “ಕ್ಯಾಮೆರಾ ಸಿಗೋದಿಲ್ಲ ಅಂತೇನೂ ಇಲ್ಲ ಸಾರ್. ಇದಕ್ಕಿಂತ ಒಳ್ಳೇದು ಈ ಮೇಜಿನ ಮೇಲೇ ಇದೆ. ಆದರೆ ಇದು ಆಡೋ ಭಾಷೆ ನಿಮ್ಮ ಯಂತ್ರಕ್ಕೆ ತಿಳಿಯೋದಿಲ್ಲ.”

ಈ ಲೇಖನ ಆ ಒಂದು ಮಾತಿನ ವಿವರಣೆ.

ಯಂತ್ರ ಹೇಗೆ ನೋಡುತ್ತದೆ?

ಯಂತ್ರದ ನೆತ್ತಿಯಲ್ಲಿ ಹಾಪರ್. ಅದರ ಕೆಳಗೆ ಅದುರುವ ತಟ್ಟೆ. ತಟ್ಟೆಯಿಂದ ಕಾಳುಗಳು ಇಳಿಜಾರಾದ ಹಲಗೆಯ ಮೇಲೆ ಜಾರಿ, ತೆಳುವಾದ ಪರದೆಯಂತೆ ಕೆಳಗೆ ಬೀಳುತ್ತವೆ. ಹೀಗೆ ಬೀಳುವಾಗ ಮುಂದಿನಿಂದ ಒಂದು, ಹಿಂದಿನಿಂದ ಒಂದು ಕ್ಯಾಮೆರಾ ಅವುಗಳನ್ನು ನೋಡುತ್ತವೆ. ದೋಷವಿರುವ ಕಾಳು ಕಂಡರೆ, ಕೆಳಗಿರುವ ಸಾಲು ಸಾಲು ಗಾಳಿಕೊಳವೆಗಳಲ್ಲಿ ಆ ಜಾಗಕ್ಕೆ ಸರಿಯಾದದ್ದು ಮಾತ್ರ ತೆರೆದು ಫಕ್ಕನೆ ಗಾಳಿ ಊದುತ್ತದೆ. ಕೆಟ್ಟ ಕಾಳು ಪಕ್ಕದ ಗುಂಡಿಗೆ ಹಾರುತ್ತದೆ. ಒಳ್ಳೆಯದು ನೇರವಾಗಿ ಬೀಳುತ್ತದೆ.

ಈ ಕ್ಯಾಮೆರಾ ನಮ್ಮ ಮದುವೆ ಮನೆಯ ಕ್ಯಾಮೆರಾದಂತೆ ಇಡೀ ಚಿತ್ರ ತೆಗೆಯುವುದಿಲ್ಲ. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಬೀದಿಯ ಮೆರವಣಿಗೆ ನೋಡಿದಂತೆ, ಒಂದು ಗೆರೆಯಷ್ಟನ್ನು ಮಾತ್ರ ಬಿಡದೆ ನೋಡುತ್ತಿರುತ್ತದೆ. ಗೆರೆಯ ಮೇಲೆ ಗೆರೆ ಜೋಡಿಸಿದಾಗ ಕಾಳಿನ ಚಿತ್ರ ಮೂಡುತ್ತದೆ.

ಒಂದು ಲೆಕ್ಕ ಹಾಕೋಣ. ಕಾಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಳುತ್ತಿದೆ ಎನ್ನಿ. ಕಾಲು ಮಿಲಿಮೀಟರಿಗೆ ಒಂದರಂತೆ ಗೆರೆ ಬೇಕಾದರೆ ಸೆಕೆಂಡಿಗೆ 12,000 ಗೆರೆ ನೋಡಬೇಕು. ಅರ್ಧ ಮೀಟರ್ ಅಗಲದ ಹಲಗೆಗೆ ಒಂದೊಂದು ಗೆರೆಯಲ್ಲಿ 2,048 ಚುಕ್ಕಿ. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಗುಣಿಸಿದರೆ ಸೆಕೆಂಡಿಗೆ ಏಳು ಕೋಟಿ 37 ಲಕ್ಷ ಅಂಕಿಗಳು. ಇದು ಒಂದು ಕ್ಯಾಮೆರಾದ ಲೆಕ್ಕ. ಹಿಂದಿನ ಕ್ಯಾಮೆರಾದ್ದೂ ಸೇರಿದರೆ ಇಮ್ಮಡಿ.

ಇಷ್ಟು ಸೂಕ್ಷ್ಮ ಏಕೆ ಬೇಕು ಎಂದು ಕೇಳಬಹುದು. 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಈಗ ನಮ್ಮ ತೋಟಗಳಲ್ಲೆಲ್ಲ ನೆಲೆಸಿರುವ ಕಾಯಿಕೊರಕವನ್ನು ನೆನೆಯಿರಿ. ಅದು ಕೊರೆದ ತೂತು ಗುಂಡುಸೂಜಿಯ ತಲೆಯಷ್ಟು, ಸುಮಾರು ಒಂದು ಮಿಲಿಮೀಟರ್. ಮೇಲಿನ ಲೆಕ್ಕದಲ್ಲಿ ಆ ತೂತಿಗೆ ಸಿಗುವುದು ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು ಚುಕ್ಕಿ. ಇದಕ್ಕಿಂತ ಒರಟಾಗಿ ನೋಡಿದರೆ ತೂತು ತಪ್ಪಿಸಿಕೊಳ್ಳುತ್ತದೆ. ತೂತು ಬೆನ್ನ ಕಡೆ ಇದ್ದರೆ ಮುಂದಿನ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಎರಡು ಕ್ಯಾಮೆರಾ ಬೇಕಾಗುವುದು ಅದಕ್ಕೇ. ನೋಡಿದ ಜಾಗದಿಂದ ಗಾಳಿ ಊದುವ ಜಾಗ ಹತ್ತು ಸೆಂಟಿಮೀಟರ್ ಕೆಳಗಿದ್ದರೆ, ಯಂತ್ರಕ್ಕೆ ಯೋಚಿಸಲು ಇರುವ ಅವಕಾಶ ಸೆಕೆಂಡಿನ ಮೂವತ್ತನೆಯ ಒಂದು ಪಾಲು.

ತಂತಿಯ ಕಥೆ

ಕೋಟಿಗಟ್ಟಲೆ ಅಂಕಿಗಳು ಕ್ಯಾಮೆರಾದಿಂದ ಕಂಪ್ಯೂಟರಿಗೆ ಹೋಗುವ ದಾರಿಯೇ ಈ ಲೇಖನದ ಮುಖ್ಯ ವಿಷಯ.

ಮೊದಲ ಕಾಲದ ಕಾರ್ಖಾನೆ ಕ್ಯಾಮೆರಾಗಳು ಟೆಲಿವಿಷನ್ನಿನ ಪದ್ಧತಿಯನ್ನೇ ಅನುಸರಿಸುತ್ತಿದ್ದವು. ನಮ್ಮ ದೇಶದ ಟಿ.ವಿ.ಗೆ ಇದ್ದದ್ದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಯಾವ ಕಂಪನಿಯ ಕ್ಯಾಮೆರಾವನ್ನು ಯಾವ ಪರದೆಗೆ ಜೋಡಿಸಿದರೂ ಚಿತ್ರ ಬರುತ್ತಿತ್ತು. ಆದರೆ ಬೀಳುವ ಕಾಳನ್ನು ನೋಡಲು ಆ ವೇಗ ಏತಕ್ಕೂ ಸಾಲದು. ಅಂಕಿಗಳಲ್ಲಿ ಚಿತ್ರ ಕಳಿಸುವ ಹೊಸ ಕ್ಯಾಮೆರಾಗಳು ಬಂದಾಗ ವೇಗವೇನೋ ಹೆಚ್ಚಿತು. ಆದರೆ ಕಂಪನಿಗೊಂದು ತಂತಿ, ಕಂಪನಿಗೊಂದು ಪ್ಲಗ್ಗು, ಕಂಪನಿಗೊಂದು ಭಾಷೆಯಾಯಿತು.

ನಮ್ಮ ಹಿರಿಯರಿಗೆ ಇಂಥ ಗೊಂದಲ ಹೊಸದಲ್ಲ. ಸೇರು, ಮಣ, ಖಂಡಿಗಳ ಕಾಲದಲ್ಲಿ ಊರಿಗೊಂದು ಅಳತೆ ಇತ್ತು. ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಲ್ಲ. ಆ ವ್ಯತ್ಯಾಸದಲ್ಲಿ ನಷ್ಟವಾಗುತ್ತಿದ್ದುದು ಯಾವಾಗಲೂ ಬೆಳೆದವನಿಗೆ. 1956ರ ತೂಕ ಮತ್ತು ಅಳತೆಗಳ ಕಾನೂನು ಬಂದು ಕಿಲೋಗ್ರಾಂ ಎಲ್ಲ ಕಡೆ ಒಂದೇ ಆದ ಮೇಲೆ ಆ ಜಗಳ ತೀರಿತು.

ಕ್ಯಾಮೆರಾಗಳಿಗೂ ಅಂಥ ಒಪ್ಪಂದ ಬೇಕಾಯಿತು. 2000ದಲ್ಲಿ ಅಮೆರಿಕದ ಆಟೊಮೇಟೆಡ್ ಇಮೇಜಿಂಗ್ ಅಸೋಸಿಯೇಷನ್ ಎಂಬ ಉದ್ಯಮ ಸಂಘದ ಮೂಲಕ ‘ಕ್ಯಾಮೆರಾ ಲಿಂಕ್’ ಎಂಬ ಮಾನದಂಡ ಬಂತು. ವೇಗ ಬಹಳ, ಆದರೆ ತಂತಿ ಸುಮಾರು ಹತ್ತು ಮೀಟರಿಗಿಂತ ಉದ್ದವಿರುವಂತಿಲ್ಲ, ಕಂಪ್ಯೂಟರಿನೊಳಗೆ ಬೇರೆ ಕಾರ್ಡೊಂದನ್ನು ಕೂರಿಸಬೇಕು. 2006ರಲ್ಲಿ ಅದೇ ಸಂಘದಿಂದ ‘ಗಿಗ್ ಇ ವಿಷನ್’ ಬಂತು. ಇದಕ್ಕೆ ಬ್ಯಾಂಕು, ಕಚೇರಿಗಳ ಕಂಪ್ಯೂಟರುಗಳನ್ನು ಜೋಡಿಸುವ ಮಾಮೂಲು ನೆಟ್‌ವರ್ಕ್ ತಂತಿಯೇ ಸಾಕು. ನೂರು ಮೀಟರಿನವರೆಗೂ ಎಳೆಯಬಹುದು. ತಂತಿಯನ್ನು ಇಲಿ ಕಡಿದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಇನ್ನೊಂದು ಸಿಗುತ್ತದೆ. 2013ರಲ್ಲಿ ‘ಯುಎಸ್‌ಬಿ 3 ವಿಷನ್’ ಬಂತು. ಇದು ಇನ್ನೂ ವೇಗ, ಆದರೆ ತಂತಿ ಮೂರರಿಂದ ಐದು ಮೀಟರ್ ಮಾತ್ರ. ಜಪಾನಿನ ಉದ್ಯಮ ಸಂಘ ನೋಡಿಕೊಳ್ಳುವ ‘ಕೋಆಕ್ಸ್‌ಪ್ರೆಸ್’ ಟಿ.ವಿ. ಕೇಬಲ್ಲಿನಂಥ ಒಂಟಿ ತಂತಿಯಲ್ಲಿ ಚಿತ್ರವನ್ನೂ ವಿದ್ಯುತ್ತನ್ನೂ ಸಾಗಿಸುತ್ತದೆ. ಅತಿ ವೇಗದ ಕೆಲಸಕ್ಕೆ ಇದನ್ನು ಬಳಸುತ್ತಾರೆ.

ನಮ್ಮ ಲೆಕ್ಕಕ್ಕೆ ಇವನ್ನು ಹೊಂದಿಸಿ ನೋಡೋಣ. ಮೇಲೆ ಹೇಳಿದ ಏಳು ಕೋಟಿ 37 ಲಕ್ಷ ಅಂಕಿಗಳು, ತಂತಿಯ ಅಳತೆಯಾದ ಬಿಟ್ಟುಗಳಲ್ಲಿ ಸುಮಾರು 59 ಕೋಟಿ. ಗಿಗ್ ಇ ವಿಷನ್ನಿನ ಸಾಧಾರಣ ತಂತಿ ಸೆಕೆಂಡಿಗೆ 100 ಕೋಟಿ ಬಿಟ್ಟು ಹೊರುತ್ತದೆ. ಅಂದರೆ ಒಂದು ಕ್ಯಾಮೆರಾಕ್ಕೆ ಒಂದು ತಂತಿ ಸಾಕು. ಎರಡು ಕ್ಯಾಮೆರಾಕ್ಕೆ ಒಂದೇ ತಂತಿ ಸಾಲದು, ಎರಡು ಬೇಕು. ಮಾರಾಟಗಾರರು ಬಂದಾಗ ಇಂಥ ಲೆಕ್ಕವನ್ನು ಮುಂದಿಟ್ಟು ಕೇಳಿದರೆ ಮಾತು ಬೇಗ ಹಳಿಗೆ ಬರುತ್ತದೆ.

ಒಂದೇ ಹೆಸರು, ಒಂದೇ ಅರ್ಥ

ತಂತಿ ಒಂದಾದರೆ ಸಾಲದು, ಮಾತೂ ಒಂದಾಗಬೇಕು. ಎಷ್ಟು ಹೊತ್ತು ಕಣ್ಣು ತೆರೆದಿರಬೇಕು ಎಂಬುದನ್ನು ಒಂದು ಕಂಪನಿ ಒಂದು ಹೆಸರಿನಿಂದ ಕರೆದರೆ ಮತ್ತೊಂದು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಕ್ಯಾಮೆರಾ ಬದಲಾದರೆ ಸಾಫ್ಟ್‌ವೇರನ್ನೇ ಹೊಸದಾಗಿ ಬರೆಸಬೇಕಿತ್ತು. ಯುರೋಪಿನ ಮೆಷಿನ್ ವಿಷನ್ ಸಂಘದ ಆಶ್ರಯದಲ್ಲಿ 2006ರಲ್ಲಿ ಬಂದ ‘ಜೆನ್‌ಐಕ್ಯಾಮ್’ ಈ ತೊಡಕನ್ನು ಬಿಡಿಸಿತು. ಇದರ ಪ್ರಕಾರ ಪ್ರತಿ ಕ್ಯಾಮೆರಾವೂ ತನ್ನ ಕೈಪಿಡಿಯನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಜೋಡಿಸಿದ ಕೂಡಲೇ ಕಂಪ್ಯೂಟರು ಅದನ್ನು ಓದಿಕೊಂಡು, ಈ ಕ್ಯಾಮೆರಾಕ್ಕೆ ಏನೇನು ಬರುತ್ತದೆ ಎಂದು ತಿಳಿಯುತ್ತದೆ. ‘ಎಕ್ಸ್‌ಪೋಷರ್ ಟೈಮ್’, ‘ಗೇನ್’ ಮುಂತಾದ ಹೆಸರುಗಳೂ ಎಲ್ಲರಿಗೂ ಒಂದೇ. ಗಿಗ್ ಇ ವಿಷನ್ ಮತ್ತು ಯುಎಸ್‌ಬಿ 3 ವಿಷನ್ ಎರಡಕ್ಕೂ ಇದೇ ಬುನಾದಿ.

ಟ್ರ್ಯಾಕ್ಟರಿನ ಉದಾಹರಣೆ ತೆಗೆದುಕೊಳ್ಳಿ. ಹಿಂದಿನ ಮೂರು ಕೊಂಡಿಗಳ ಜೋಡಣೆಯೂ ನಿಮಿಷಕ್ಕೆ 540 ಸುತ್ತಿನ ಪಿ.ಟಿ.ಓ. ದಂಡವೂ ಗೊತ್ತಾದ ಅಳತೆಯವು. ಅದರಿಂದಲೇ ಒಬ್ಬರ ಟ್ರ್ಯಾಕ್ಟರಿಗೆ ಇನ್ನೊಬ್ಬರ ರೋಟವೇಟರ್ ಹೊಂದುತ್ತದೆ. ಕ್ಯಾಮೆರಾ ಲೋಕದಲ್ಲಿ ಈ ಕೆಲಸ ಮಾಡುವುದು ಮೇಲೆ ಹೇಳಿದ ಮಾನದಂಡಗಳು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇವನ್ನು ಯಾವ ಸರಕಾರವೂ ಹೇರಲಿಲ್ಲ. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾದ ಕಂಪನಿಗಳೇ ಒಂದು ಮೇಜಿನ ಸುತ್ತ ಕುಳಿತು ಒಪ್ಪಿಕೊಂಡ ನಿಯಮಗಳಿವು. ಸಹಕಾರ ತತ್ವದಲ್ಲಿ ನಂಬಿಕೆಯಿಟ್ಟ ನಮಗೆ ಇದು ಸಂತೋಷದ ಮಾತು.

ಬೆಂಗಳೂರಿನ ಅಂಚಿನಲ್ಲಿ

ಈ ಮಾನದಂಡಗಳಿಂದ ನಮಗೇನು ಪ್ರಯೋಜನ ಎಂಬುದು ಪೀಣ್ಯಕ್ಕೆ ಹೋದಾಗ ಅರ್ಥವಾಯಿತು. ತುಮಕೂರು ರಸ್ತೆಯ ಆ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ಬೆಳೆಯತೊಡಗಿದ್ದು. ಲೇತು, ಮಿಲ್ಲಿಂಗ್, ಅಚ್ಚು, ಬೋಲ್ಟು ಎಂದು ಸಾವಿರಾರು ಸಣ್ಣ ಘಟಕಗಳು. ಬೋಲ್ಟಿನ ಮರೆ ಸರಿಯಿದೆಯೇ, ಮಾತ್ರೆಯ ಪಟ್ಟಿಯಲ್ಲಿ ಮಾತ್ರೆ ತಪ್ಪಿದೆಯೇ, ಬಾಟಲಿಯ ಮುಚ್ಚಳ ಓರೆಯಾಗಿದೆಯೇ ಎಂದು ಪರೀಕ್ಷಿಸಲು ಕಾರ್ಖಾನೆಗಳಲ್ಲಿ ಇರಿಸುವುದು ಇದೇ ಜಾತಿಯ ಕ್ಯಾಮೆರಾಗಳನ್ನು. ಬೋಲ್ಟು ನೋಡುವ ಕ್ಯಾಮೆರಾಕ್ಕೂ ಕಾಫಿ ಬೀಜ ನೋಡುವ ಕ್ಯಾಮೆರಾಕ್ಕೂ ಭಾಷೆ ಒಂದೇ ಆದರೆ, ಬೋಲ್ಟಿನದನ್ನು ರಿಪೇರಿ ಮಾಡಬಲ್ಲವನು ನಮ್ಮದನ್ನೂ ನೋಡಬಲ್ಲ. ಕಾಫಿಯ ಹೆಸರಿನಲ್ಲಿ ಬಿಡಿಭಾಗ ಹುಡುಕಿದರೆ ಸಿಗುವುದು ದುರ್ಲಭ; ಮಾನದಂಡದ ಹೆಸರಿನಲ್ಲಿ ಹುಡುಕಿದರೆ ಒಂದು ದಿನದ ಪ್ರಯಾಣದ ದೂರದಲ್ಲಿ ಸಿಗುತ್ತದೆ.

ಊರಿನ ಇನ್ನೊಂದು ತುದಿಯಲ್ಲಿ, ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿ. ಆರ್. ಕೆ. ಬಾಳಿಗರ ಕನಸಿನ ಫಲವಾಗಿ, ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಟ್ಟಿದ್ದು. ಅದೇ ರಸ್ತೆಯಲ್ಲಿ ಮುಂದೆ ಅತ್ತಿಬೆಲೆಯಲ್ಲಿ ಬ್ಯೂಲರ್ ಕಂಪನಿಯ ಕಾರ್ಖಾನೆಯಿದೆ. ಬಣ್ಣ ಬೇರ್ಪಡಿಸುವ ಯಂತ್ರಕ್ಕೆ ಹೆಸರಾದ, 1947ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸಾರ್ಟೆಕ್ಸ್ ಸಂಸ್ಥೆಯನ್ನು 1993ರಲ್ಲಿ ಕೊಂಡವರು ಇವರೇ. ವೈಟ್‌ಫೀಲ್ಡಿನ ಕಡೆ ಸಾಫ್ಟ್‌ವೇರ್ ಬಲ್ಲವರ ದೊಡ್ಡ ಸಮುದಾಯವೇ ಇದೆ. ಕ್ಯಾಮೆರಾಗಳನ್ನೂ ಯಂತ್ರಗಳನ್ನೂ ಕಣ್ಣಾರೆ ನೋಡಬೇಕೆನ್ನುವವರಿಗೆ ಪೀಣ್ಯದಿಂದಾಚೆ ಮಾದಾವರದಲ್ಲಿ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರವಿದೆ. 2024ರ ನವೆಂಬರಿನಿಂದ ಅಲ್ಲಿಗೆ ಮೆಟ್ರೋ ರೈಲೂ ಹೋಗುತ್ತಿದೆ. ನಮ್ಮ ಬೀಜವನ್ನು ನೋಡುವ ವಿದ್ಯೆ ವಿದೇಶದಲ್ಲೇ ಇರಬೇಕೆಂದೇನೂ ಇಲ್ಲ, ನಮ್ಮ ರಾಜಧಾನಿಯ ಅಂಚಿನಲ್ಲೇ ಇದೆ.

ಇನ್ನೊಂದು ಮಗ್ಗುಲು

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮಾರುಕಟ್ಟೆಯ ಅನೇಕ ಯಂತ್ರಗಳಲ್ಲಿ ಕ್ಯಾಮೆರಾ, ಲೆಕ್ಕ ಹಾಕುವ ಬೋರ್ಡು, ಗಾಳಿಕೊಳವೆ ಎಲ್ಲವೂ ತಯಾರಕರ ಸ್ವಂತ ಪದ್ಧತಿಯಲ್ಲೇ ಇರುತ್ತವೆ. ಇದೆಲ್ಲ ಮೋಸದಿಂದ ಮಾಡಿದ್ದಲ್ಲ. ಸೆಕೆಂಡಿನ ಮೂವತ್ತನೆಯ ಪಾಲಿನಲ್ಲಿ ತೀರ್ಮಾನವಾಗಬೇಕಾದಾಗ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಬೆಸೆದರೆ ಕೆಲಸ ಚುರುಕಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ಅಂಥ ಯಂತ್ರವೂ ಚೆನ್ನಾಗಿ ದುಡಿಯಬಹುದು. ಆದರೆ ಅದನ್ನು ಕೊಂಡವರು ಅದರ ತಯಾರಕರ ಜೊತೆ ಹತ್ತು ಹದಿನೈದು ವರ್ಷದ ಸಂಬಂಧ ಮಾಡಿಕೊಂಡಂತೆ. ಸಂಬಂಧಕ್ಕೆ ಮೊದಲು ಮನೆತನ ವಿಚಾರಿಸುವುದು ನಮ್ಮ ಪದ್ಧತಿಯಲ್ಲವೇ? ಇಷ್ಟು ವರ್ಷ ಬಿಡಿಭಾಗ ಕೊಡುತ್ತೇವೆ ಎಂದು ಬರೆದು ಕೊಡುವವರಾದರೆ ಕೊಳ್ಳಬಹುದು. ಬಾಯಿ ಮಾತಿನ ಭರವಸೆಯಾದರೆ ಬೇಡ.

ಕ್ಯಾಮೆರಾವೊಂದೇ ಎಲ್ಲವೂ ಅಲ್ಲ ಎಂಬುದೂ ನೆನಪಿರಲಿ. ಗಾಜಿನ ಮೇಲಿನ ದೂಳು, ಕಂಪ್ರೆಸರಿನ ಗಾಳಿಯಲ್ಲಿ ಸೇರಿದ ನೀರು ಮತ್ತು ಎಣ್ಣೆ, ಸವೆದ ಗಾಳಿಕೊಳವೆಯ ಕವಾಟ, ಏರಿಳಿಯುವ ವೋಲ್ಟೇಜು, ಇವೂ ಯಂತ್ರದ ಕಣ್ಣನ್ನು ಮಂಜು ಮಾಡುತ್ತವೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಈ ಎಚ್ಚರ ಇಮ್ಮಡಿ ಬೇಕು.

ದರ್ಜೆ ಹೇಳುವವರು ಯಾರು?

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಈ ಮಾನದಂಡಗಳೆಲ್ಲ ಚಿತ್ರ ಹೇಗೆ ಬರಬೇಕು ಎಂಬುದನ್ನು ಹೇಳುತ್ತವೆ. ಆ ಚಿತ್ರದಲ್ಲಿರುವುದು ಒಳ್ಳೆಯ ಕಾಳೋ ಕೆಟ್ಟ ಕಾಳೋ ಎಂಬುದನ್ನು ಯಾವ ಮಾನದಂಡವೂ ಹೇಳುವುದಿಲ್ಲ. ಅದನ್ನು ಹೇಳುವುದು ಸಾಫ್ಟ್‌ವೇರು. ಸಾಫ್ಟ್‌ವೇರಿಗೆ ಕಲಿಸುವುದು ಮನುಷ್ಯ.

ಹಿಂದೆ ಕಲಿಸುವ ರೀತಿ ಸರಳವಾಗಿತ್ತು: ಇಷ್ಟು ಕಪ್ಪಿಗಿಂತ ಹೆಚ್ಚಾದರೆ ಊದಿಬಿಡು ಎಂದು ಗೆರೆ ಎಳೆಯುವುದು. ಈಗ ಸಾವಿರಾರು ಒಳ್ಳೆಯ ಕಾಳು, ಸಾವಿರಾರು ಕೆಟ್ಟ ಕಾಳುಗಳ ಚಿತ್ರ ತೋರಿಸಿ ಕಂಪ್ಯೂಟರಿಗೆ ಅಭ್ಯಾಸ ಮಾಡಿಸುತ್ತಾರೆ. ಇಂಟೆಲ್ ಕಂಪನಿಯಲ್ಲಿ 1999ರಲ್ಲಿ ಆರಂಭವಾದ ‘ಓಪನ್‌ಸಿವಿ’ಯಂಥ ಸಾಫ್ಟ್‌ವೇರ್ ಭಂಡಾರ ಈಗ ಯಾರಿಗೂ ಉಚಿತ. ಅಡಿಕೆಯ ಚಿತ್ರದಲ್ಲಿನ ಬಣ್ಣದ ಅಂಕಿಗಳಿಂದಲೇ ಅದನ್ನು ವಿಂಗಡಿಸುವ ಬಗ್ಗೆ ಶಿವಮೊಗ್ಗ ಜಿಲ್ಲೆಯ ಸಂಶೋಧಕರು 2012ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ವಿದ್ಯೆಗೆ ಕೊರತೆಯಿಲ್ಲ. ಕೊರತೆಯಿರುವುದು ಸರಿಯಾಗಿ ಹೆಸರಿಟ್ಟ ಮಾದರಿಗಳಿಗೆ.

ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕರಿಗೋಟು, ಕೋಕ. ರಾಶಿ, ಬೆಟ್ಟೆ, ಗೊರಬಲು: ಇವನ್ನು ನೋಡಿದೊಡನೆ ಹೇಳಬಲ್ಲವರು ಬೆಂಗಳೂರಿನಲ್ಲಿಲ್ಲ, ನಮ್ಮ ಅಂಗಳದಲ್ಲಿದ್ದಾರೆ. ಕ್ಯೂರಿಂಗ್ ಕೇಂದ್ರಗಳ ನೆಲದಲ್ಲಿ ಕುಳಿತು ವರ್ಷಗಟ್ಟಲೆ ಬೀಜ ಆರಿಸಿದ ಹೆಂಗಸರ ಕಣ್ಣಿನಲ್ಲಿ ಇರುವ ಜ್ಞಾನ ಯಾವ ಪುಸ್ತಕದಲ್ಲೂ ಇಲ್ಲ. ಯಂತ್ರ ಬಂದಿತೆಂದು ಅವರನ್ನು ಮನೆಗೆ ಕಳಿಸಿದರೆ ಯಂತ್ರಕ್ಕೆ ಕಲಿಸುವ ಗುರುವನ್ನೇ ಕಳಿಸಿದಂತೆ. ಅವರು ಆರಿಸಿ ಬೇರ್ಪಡಿಸಿದ ಮಾದರಿಗಳ ಚಿತ್ರಗಳನ್ನು ಸಂಘವೇ ತೆಗೆದಿಟ್ಟುಕೊಳ್ಳಬೇಕು. ಯಂತ್ರ ಹೊರದೂಡಿದ ರಾಶಿಯನ್ನು ಅವರೇ ಮತ್ತೊಮ್ಮೆ ನೋಡಬೇಕು. ಯಂತ್ರ ತಪ್ಪಾಗಿ ದೂಡಿದ ಒಂದೊಂದು ಒಳ್ಳೆಯ ಕಾಳೂ ಬೆಳೆಗಾರನ ಹಣವೇ.

ಅಡಿಕೆಯ ವಿಷಯದಲ್ಲಿ ಒಂದು ಮಿತಿಯೂ ಇದೆ. ಸಾಧಾರಣ ಕ್ಯಾಮೆರಾ ನೋಡುವುದು ಮೇಲ್ಮೈಯನ್ನು ಮಾತ್ರ. ಹೊರಗೆ ಚೆಂದವಿದ್ದು ಒಳಗೆ ಕಪ್ಪಾದ, ಟೊಳ್ಳಾದ ಅಡಿಕೆ ಅದಕ್ಕೆ ತಿಳಿಯದು. ಎಲ್ಲವನ್ನೂ ಹಿಡಿಯುತ್ತದೆ ಎಂದು ಹೇಳಿದರೆ, ನಮ್ಮದೇ ಒಂದು ಚೀಲ ಮಾಲನ್ನು ಹಾಕಿ ತೋರಿಸಿ ಎನ್ನಿ.

ಕೇಳಬೇಕಾದ ಪ್ರಶ್ನೆಗಳು

ಯಂತ್ರದ ದರಪಟ್ಟಿ ಬಂದಾಗ ಆಡಳಿತ ಮಂಡಳಿಯವರೂ ಸದಸ್ಯರೂ ಈ ಕೆಳಗಿನವನ್ನು ಲಿಖಿತವಾಗಿ ಕೇಳಬೇಕೆಂದು ನಮ್ಮ ಸಲಹೆ:

1. ಕ್ಯಾಮೆರಾ ಯಾವ ಮಾನದಂಡದ್ದು? ಗಿಗ್ ಇ ವಿಷನ್, ಕ್ಯಾಮೆರಾ ಲಿಂಕ್, ಕೋಆಕ್ಸ್‌ಪ್ರೆಸ್, ಅಥವಾ ತಯಾರಕರ ಸ್ವಂತದ್ದೇ? ಜೆನ್‌ಐಕ್ಯಾಮ್ ಇದೆಯೇ?

2. ಬೇರೆ ಕಂಪನಿಯ ಕ್ಯಾಮೆರಾ ಹಾಕಿದರೆ ಯಂತ್ರದ ಸಾಫ್ಟ್‌ವೇರು ಒಪ್ಪುತ್ತದೆಯೇ? ಸ್ವಂತ ಪದ್ಧತಿಯಾದರೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೀರಿ?

3. ಒಂದು ಚುಕ್ಕಿ ಎಷ್ಟು ಮಿಲಿಮೀಟರ್? ಸೆಕೆಂಡಿಗೆ ಎಷ್ಟು ಗೆರೆ? ಹಿಂದೆ ಮುಂದೆ ಎರಡೂ ಕಡೆ ಕ್ಯಾಮೆರಾ ಇದೆಯೇ?

4. ನಮ್ಮ ದರ್ಜೆಗಳಿಗಾಗಿ ಹೊಂದಿಸಿದ ಅಂಕಿಗಳು, ನಮ್ಮ ಮಾಲಿನ ಚಿತ್ರಗಳು ಯಾರ ಸ್ವತ್ತು? ಅವುಗಳ ಪ್ರತಿ ನಮಗೆ ಸಿಗುತ್ತದೆಯೇ?

5. ಹೊಂದಿಸುವ ಕೆಲಸವನ್ನು ನಮ್ಮ ಸಿಬ್ಬಂದಿಗೆ ಕಲಿಸುತ್ತೀರಾ, ಪ್ರತಿ ಸಲ ನಿಮ್ಮವರೇ ಬರಬೇಕೇ?

6. ಹೊರದೂಡಿದ ರಾಶಿಯಲ್ಲಿ ಒಳ್ಳೆಯ ಕಾಳು ಶೇಕಡಾ ಎಷ್ಟು ಎಂದು ನಮ್ಮ ಮಾಲಿನಲ್ಲೇ ತೂಗಿ ತೋರಿಸುತ್ತೀರಾ?

ಗೋಣಿತಾಟು ಹೊದ್ದ ಆ ಯಂತ್ರದ ಬಳಿ ನಿಂತಾಗ ಅಲ್ಲಿನ ವ್ಯವಸ್ಥಾಪಕರು, “ಕೊಳ್ಳುವಾಗ ಗಂಟೆಗೆ ಎಷ್ಟು ಕಿಲೋ ಅಂತ ಕೇಳಿದ್ವಿ, ಬಣ್ಣ ಯಾವುದು ಅಂತಲೂ ಕೇಳಿದ್ವಿ, ಇದೊಂದನ್ನ ಕೇಳಲಿಲ್ಲ” ಎಂದರು. ಹಲವು ಲಕ್ಷ ರೂಪಾಯಿಯ ಯಂತ್ರ ಸದಸ್ಯರೆಲ್ಲರ ಷೇರು ಹಣದ ಯಂತ್ರ. ಮುಂದಿನ ಸಭೆಗೆ ಬರುವಾಗ ಸದಸ್ಯ ಬಾಂಧವರು ಈ ಪುಟವನ್ನು ಜೊತೆಗೆ ತರಬೇಕೆಂದು ಕೋರುತ್ತೇವೆ.